ಲಿಲಾಕ್ ಸಿಲ್ವರ್‌ಲೈನ್ ಚಿಟ್ಟೆ ನಮ್ಮ ಬಯಲಲ್ಲಿ ಎಲ್ಲಿರಬಹುದು? ನಕ್ಷೆ ಮಾಡ್ತಿದ್ದೀವಿ, ನಿಮ್ಮೂರ ಗೋಮಾಳ ಬಲ್ಲವರು ಬೇಕು

ಬಯಲುಚಿಟ್ಟೆ, ಮಧುಗಿರಿ — ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ಲಿಲಾಕ್ ಸಿಲ್ವರ್‌ಲೈನ್ ಸಣ್ಣ ಚಿಟ್ಟೆ. ರೆಕ್ಕೆ ಮಡಿಸಿ ಕೂತರೆ ಹೆಬ್ಬೆರಳಿನ ಉಗುರಷ್ಟೇ ಕಾಣುತ್ತೆ. ಗಂಡಿನ ರೆಕ್ಕೆಯ ಮೇಲ್ಭಾಗ ತಿಳಿ ನೇರಳೆ, ಕೆಳಬದಿಯಲ್ಲಿ ಪಟ್ಟೆಗಳು, ಪಟ್ಟೆಯ ನಡುವೆ ಬೆಳ್ಳಿ ಎಳೆದ ಹಾಗೆ ಗೆರೆ. 1884ರಲ್ಲಿ ಮೂರ್ ಅನ್ನೋ ಕೀಟತಜ್ಞರು ಇದನ್ನ ಮೊದಲು ವಿವರಿಸಿದ್ದು. ದಕ್ಷಿಣ ಭಾರತದಲ್ಲಿ ಇದರ ಮಾತೆತ್ತಿದರೆ ಚಿಟ್ಟೆ ನೋಡೋ ಎಲ್ಲರಿಗೂ ನೆನಪಾಗೋದು ಹೆಸರಘಟ್ಟದ ಹುಲ್ಲುಗಾವಲು. ಆ ಬಯಲನ್ನ ಸಂರಕ್ಷಣಾ ಮೀಸಲು ಮಾಡೋ ಪ್ರಸ್ತಾವ 2021ರಲ್ಲಿ ಬಿದ್ದು ಹೋಗಿತ್ತು. ಕೊನೆಗೆ 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಡ್ತು. ಅವತ್ತು ನಾನು ಎಷ್ಟು ಖುಷಿಪಟ್ಟೆ ಅಂತ ಮನೆಯವರಿಗೆ ಗೊತ್ತು.

ಆದರೆ ಅವತ್ತಿಂದಲೇ ಒಂದು ಪ್ರಶ್ನೆ ತಲೇಲಿ ಕೂತಿದೆ. ಹೆಸರಘಟ್ಟದಂಥ ಬಯಲು ನಮ್ಮ ಕಡೆ ಇಲ್ವಾ? ಮಧುಗಿರಿ, ಶಿರಾ, ಪಾವಗಡ, ಆ ಕಡೆ ಗೌರಿಬಿದನೂರು, ಗುಡಿಬಂಡೆ, ಬಾಗೇಪಲ್ಲಿ. ಅದೇ ಕೆಂಪು ನೆಲ, ಅದೇ ಬಾದೆ ಹುಲ್ಲು, ಅಲ್ಲಲ್ಲಿ ಎಲಚಿ ಪೊದೆ, ಬಂದರೆ ಗಿಡ. ಚಿಟ್ಟೆ ನೋಡೋರು ದೇವರಾಯನದುರ್ಗ ಹತ್ತುತಾರೆ, ನಂದಿಬೆಟ್ಟ ಹತ್ತುತಾರೆ. ನಡುವಿನ ಬಯಲಲ್ಲಿ ಇಳಿದು ನಡೆಯೋರು ಬೆರಳೆಣಿಕೆ. ನೋಡೇ ಇಲ್ಲದ ಜಾಗವನ್ನ ‘ಇಲ್ಲಿ ಏನೂ ಇಲ್ಲ’ ಅಂತ ಬರೆದುಬಿಡೋದು ಎಷ್ಟು ಸರಿ?

ಎರಡು ವರ್ಷದ ಹಿಂದೆ ನಮ್ಮೂರ ಹಿಂದಿನ ಗೋಮಾಳದಲ್ಲಿ ಜೆಸಿಬಿ ಬಂದು ಸಾಲಾಗಿ ಗುಂಡಿ ತೋಡ್ತು. ಗಿಡ ನೆಡೋಕೆ. ಪಾಪ, ತೋಡಿಸಿದವರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ‘ಬೋಳು ಜಾಗ, ಹಸಿರು ಮಾಡ್ತೀವಿ’ ಅಂದರು. ಆ ‘ಬೋಳು’ ಜಾಗದಲ್ಲೇ ನಾನು ಹದಿನೈದು ವರ್ಷದಿಂದ ಚಿಟ್ಟೆ ನೋಡ್ತಿದ್ದದ್ದು. ಹೋಗಿ ಹೇಳಿದೆ. ‘ಇಲ್ಲಿ ಮುಖ್ಯವಾದ ಜೀವಿ ಇದೆ ಅನ್ನೋಕೆ ಕಾಗದ ಏನಿದೆ?’ ಅಂದರು. ನನ್ನ ಹತ್ತಿರ ಏನೂ ಇರಲಿಲ್ಲ. ಬರಿಗೈಲಿ ವಾಪಸ್ ಬಂದೆ.

ಮುಂದಿನ ಸಲ ಬರಿಗೈಲಿ ಹೋಗಬಾರದು ಅಂತ ಈ ಕೆಲಸಕ್ಕೆ ಕೈ ಹಾಕಿದ್ದೀವಿ. ಈ ಚಿಟ್ಟೆ ಎಲ್ಲೆಲ್ಲಿ ಬದುಕೋ ಸಾಧ್ಯತೆ ಇದೆ ಅಂತ ಮೊದಲು ಒಂದು ನಕ್ಷೆ, ಆಮೇಲೆ ಕಾಲ್ನಡಿಗೆಯಲ್ಲಿ ಹುಡುಕಾಟ. ಕಂಪ್ಯೂಟರ್ ಕೆಲಸ ಕೋಲಾರದ ಅಕ್ಕ ಮಾಡ್ತಿದ್ದಾರೆ. ಅವರೇ ಮುಂದೆ ಬರೀತಾರೆ.

ನಕ್ಷೆಗಾರ್ತಿ, ಕೋಲಾರ — ಭಾನುವಾರ, ರಾತ್ರಿ 10.25

ನಾವು ಬಳಸ್ತಿರೋ ಸಾಫ್ಟ್‌ವೇರ್ ಹೆಸರು ಮ್ಯಾಕ್ಸೆಂಟ್. ಫಿಲಿಪ್ಸ್, ಆ್ಯಂಡರ್ಸನ್, ಶಪೈರ್ ಅನ್ನೋ ಮೂವರು 2006ರಲ್ಲಿ ಪ್ರಕಟಿಸಿದ ವಿಧಾನ. ಜೀವಿ ಕಂಡ ಜಾಗಗಳ ಬಿಂದು ಕೊಟ್ಟರೆ ಸಾಕು, ‘ಇಲ್ಲಿ ಇರಲಿಲ್ಲ’ ಅನ್ನೋ ದಾಖಲೆ ಬೇಡ. ಕಂಡ ಜಾಗದ ಮಳೆ, ಬಿಸಿಲು, ಎತ್ತರ, ಹಸಿರು ಹೇಗಿದೆ ಅಂತ ನೋಡಿ, ಅದನ್ನ ನಾವು ಕೊಟ್ಟ ಸೀಮೆಯ ಜೊತೆ ಹೋಲಿಸಿ, ಅದೇ ಹದ ಬೇರೆ ಎಲ್ಲೆಲ್ಲಿದೆ ಅಂತ ಕೆಂಪು ಬಣ್ಣ ಹಚ್ಚಿ ತೋರಿಸುತ್ತೆ. ಅಪರೂಪದ ಜೀವಿಗಳಿಗೆ ಎಲ್ಲರೂ ಇದನ್ನೇ ಹಿಡಿಯೋದು ಅದಕ್ಕೇ.

ಮೊದಲ ನಕ್ಷೆ ನೋಡಿ ನಮ್ಮ ಗುಂಪಿನವರು ಕುಣಿದಾಡಿದರು. ತುಮಕೂರಿನ ಅರ್ಧ ಜಿಲ್ಲೆ, ಚಿಕ್ಕಬಳ್ಳಾಪುರ ಬಹುಪಾಲು ಕೆಂಪು! ನನಗೆ ಮಾತ್ರ ಅಲ್ಲೇ ಅನುಮಾನ ಬಂತು. ಅದರಲ್ಲಿ ಎರಡು ತಪ್ಪು ಸಿಕ್ಕಿದವು.

ಒಂದು, ಅಳತೆ. ಹವಾಮಾನದ ಮಾಹಿತಿ ವರ್ಲ್ಡ್‌ಕ್ಲಿಮ್ ಅನ್ನೋ ಜಗತ್ತಿನ ಹವಾಮಾನ ನಕ್ಷೆಗಳಿಂದ ತಗೊಂಡಿದ್ದೆ. ಅದು ನೆಲವನ್ನ ಚೌಕಗಳಾಗಿ ಭಾಗ ಮಾಡುತ್ತೆ, ಒಂದೊಂದು ಚೌಕದ ಬದಿ ಹೆಚ್ಚುಕಮ್ಮಿ ಒಂದು ಕಿಲೋಮೀಟರ್. ಹೆಸರಘಟ್ಟದ 5,678 ಎಕರೆ ಅಂದರೆ ಸುಮಾರು 23 ಚದರ ಕಿಲೋಮೀಟರ್, ಒಟ್ಟಾರೆ ಮೂವತ್ತರ ಒಳಗೇ ಚೌಕ. ನಮ್ಮ ಕೈಲಿರೋ ಬಿಂದುಗಳಲ್ಲಿ ಹೆಚ್ಚಿನವು ಅಲ್ಲಿಯವೇ ಆದ್ದರಿಂದ ಹತ್ತು ಬಿಂದು ಕೊಟ್ಟರೂ ಎಲ್ಲ ಅದೇ ನಾಲ್ಕೈದು ಚೌಕದಲ್ಲಿ ಬೀಳುತ್ತವೆ. ನಮ್ಮ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ನೋಡಿ, 798 ಎಕರೆ. ಈ ಲೆಕ್ಕದಲ್ಲಿ ಅದು ನಾಲ್ಕು ಚೌಕವೂ ಸರಿಯಾಗಿ ಆಗಲ್ಲ. ಅದರೊಳಗೆ ಹುಲ್ಲೆಲ್ಲಿ, ನೀಲಗಿರಿ ಎಲ್ಲಿ ಅಂತ ಕಂಪ್ಯೂಟರ್‌ಗೆ ಹೇಗೆ ಕಾಣಬೇಕು?

ಇನ್ನೊಂದು ತಪ್ಪು ನನ್ನದೇ. ಹೋಲಿಕೆಗೆ ಇಡೀ ಕರ್ನಾಟಕವನ್ನ ಕೊಟ್ಟುಬಿಟ್ಟಿದ್ದೆ. ಆಗುಂಬೆಯನ್ನೂ ಪಾವಗಡವನ್ನೂ ಅಕ್ಕಪಕ್ಕ ಇಟ್ಟರೆ ಯಾವ ಯಂತ್ರವೂ ‘ಇದು ಒಣ ಸೀಮೆ, ಅದು ಮಳೆ ಸೀಮೆ’ ಅಂತ ಬೇರೆ ಮಾಡುತ್ತೆ. ನಕ್ಷೆ ಎಷ್ಟು ಸರಿ ಅನ್ನೋ ಅಂಕವೂ ಚೆನ್ನಾಗಿ ಬರುತ್ತೆ. ಆದರೆ ನಮ್ಮ ಪ್ರಶ್ನೆ ಅದಲ್ವಲ್ಲ. ಒಣ ಸೀಮೆಯ ಒಳಗೇ ಈ ಗೋಮಾಳವೋ ಆ ಗೋಮಾಳವೋ ಅನ್ನೋದು ಪ್ರಶ್ನೆ. ಹಾಗಾಗಿ ಆ ನಕ್ಷೆ ತೆಗೆದುಹಾಕಿದೆ. ಯಾರಾದರೂ ಡೌನ್‌ಲೋಡ್ ಮಾಡ್ಕೊಂಡಿದ್ದರೆ ದಯವಿಟ್ಟು ಎಲ್ಲೂ ಹಂಚಬೇಡಿ.

ಹಟ್ಟಿಹುಡುಗ, ಶಿರಾ — ಸೋಮವಾರ, ಬೆಳಗ್ಗೆ 6.50

ಅಣ್ಣ, ನಮ್ ಹಟ್ಟಿ ಹಿಂದೆ ದೊಡ್ಡ ಗೋಮಾಳ ಐತೆ. ನಮ್ಮಪ್ಪ ಈಗ್ಲೂ ಕುರಿ ಹೊಡ್ಕೊಂಡು ಅಲ್ಲಿಗೇ ಹೋಗೋದು. ನಾನು ರಜಾ ಇದ್ದಾಗ ಹೋಯ್ತೀನಿ. ಈ ಚಿಟ್ಟೆ ಹೆಂಗೆ ಗುರ್ತು ಹಿಡಿಯೋದು? ಬೆಳ್ಳಿ ಗೆರೆ ಇರೋದು ಎಲಚಿ ಗಿಡದ ತಾವ ನೋಡಿದೀನಿ ಅನ್ಸುತ್ತೆ. ಕಂದು ಬಣ್ಣದ ಪಟ್ಟೆ, ಹಿಂದೆ ಕೂದಲಂಗೆ ಎರಡು ಬಾಲ.

ಬಯಲುಚಿಟ್ಟೆ, ಮಧುಗಿರಿ — ಸೋಮವಾರ, ಬೆಳಗ್ಗೆ 8.05

ತಮ್ಮಾ, ನೀನು ನೋಡಿರೋದು ಬಹುತೇಕ ಕಾಮನ್ ಸಿಲ್ವರ್‌ಲೈನ್. ಅದೂ ಇದೇ ಗುಂಪು, ಮರಿಗಳು ಎಲಚಿ ಎಲೆ ತಿಂದು ಬೆಳೀತವೆ, ನಮ್ಮ ಕಡೆ ಎಲ್ಲ ಕಡೆ ಸಿಗುತ್ತೆ. ಬೇಜಾರಾಗಬೇಡ, ನಾನೂ ಮೊದಲು ಅದರ ಫೋಟೋ ತೆಗೆದು ಲಿಲಾಕ್ ಅಂತ ರಾತ್ರಿಯೆಲ್ಲಾ ನಿದ್ದೆ ಮಾಡಿರಲಿಲ್ಲ.

ಆದರೆ ಅದನ್ನ ನೋಡಿರೋದೂ ನಮಗೆ ಬೇಕಾದ ಸುದ್ದಿಯೇ. ಯಾಕೆ ಅಂತ ಹೇಳ್ತೀನಿ.

ಹೋದ ಮಳೆಗಾಲದಲ್ಲಿ ಒಂದು ಎಲಚಿ ಪೊದೆ ಮುಂದೆ ಮುಕ್ಕಾಲು ಗಂಟೆ ಕೂತಿದ್ದೆ. ಎರಡು ಎಲೆ ರೇಷ್ಮೆ ಎಳೆಯಿಂದ ಹೊಲಿದ ಹಾಗೆ ಅಂಟಿಕೊಂಡಿದ್ದವು. ಸುತ್ತ ಸಣ್ಣ ಇರುವೆ ಓಡಾಡ್ತಿದ್ದವು. ಹೊಟ್ಟೆಯ ಹಿಂಭಾಗ ಮೇಲೆತ್ತಿ ಚೇಳಿನ ಹಾಗೆ ನಿಲ್ಲುತ್ತಲ್ಲ, ಆ ಜಾತಿ. ಎಲೆಯ ಸಂದಿಯಿಂದ ಮರಿ ಸ್ವಲ್ಪ ಹೊರಗೆ ಬಂತು. ಒಂದು ಇರುವೆ ಅದರ ಬೆನ್ನ ಮೇಲೆ ಮೀಸೆಯಿಂದ ತಟ್ತಾ ಇತ್ತು, ತಬಲಾ ನುಡಿಸಿದ ಹಾಗೆ ಬಿಡದೆ. ಮರಿಯ ಬಾಲದ ಹತ್ತಿರ ಎರಡು ಸಣ್ಣ ಕೊಂಬಿನಂಥವು ಪಕ್ಕನೆ ಹೊರಗೆ ಬಂದು ಒಳಗೆ ಹೋದವು. ಆಮೇಲೆ ಬೆನ್ನ ಮೇಲೆ ಒಂದು ಹನಿ, ಸಾಸಿವೆಗಿಂತ ಸಣ್ಣದು. ಇರುವೆ ಅದನ್ನ ಹೀರಿಕೊಂಡು ಹೋಯ್ತು, ಇನ್ನೊಂದು ಬಂತು. ಆ ಹನಿ ಸಿಹಿ. ಮರಿಯ ಏಳನೇ ಹೊಟ್ಟೆ ಉಂಗುರದಲ್ಲಿ ಅದಕ್ಕೇ ಅಂತ ಒಂದು ಗ್ರಂಥಿ ಇದೆ. ಇರುವೆಗೆ ಊಟ ಸಿಗುತ್ತೆ, ಮರಿಗೆ ಕಾವಲು ಸಿಗುತ್ತೆ.

ಸಿಲ್ವರ್‌ಲೈನ್ ಗುಂಪಿನ ಚಿಟ್ಟೆಗಳಿಗೆ ಈ ಇರುವೆ ಬೇಕು. ಕ್ರೆಮಟೊಗ್ಯಾಸ್ಟರ್ ಅನ್ನೋ ಕುಲದ ಇರುವೆ. ನೀನು ಕಾಮನ್ ಸಿಲ್ವರ್‌ಲೈನ್ ಕಂಡ ಕಡೆ ಅದೂ ಇರಬಹುದು. ಉಪಗ್ರಹಕ್ಕೆ ಮಳೆ ಕಾಣುತ್ತೆ, ಹುಲ್ಲು ಕಾಣುತ್ತೆ, ಇರುವೆ ಕಾಣಲ್ಲ. ನಿನ್ನಪ್ಪನಿಗೆ ಕಾಣುತ್ತೆ. ಅದಕ್ಕೇ ಈ ಹುಡುಕಾಟಕ್ಕೆ ನೀನು ಬೇಕು.

ಪಾವಗಡದವನು — ಸೋಮವಾರ, ಮಧ್ಯಾಹ್ನ 1.30

ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ನಾನು ಹೇಳೋದನ್ನೂ ಕೇಳಿ. ನಮ್ಮ ತಾಲ್ಲೂಕಲ್ಲಿ ಮಳೆ ಇಲ್ಲದೆ ಜನ ಬೆಂಗಳೂರಿಗೆ ಗುಳೆ ಹೋಗೋರು. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಕಡೆ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಬಂದ ಮೇಲೆ ಜಮೀನು ಇದ್ದೋರಿಗೆ ವರ್ಷ ವರ್ಷ ಬಾಡಿಗೆ ಬರ್ತಿದೆ. ಜಮೀನು ಇಲ್ಲದೋರ ಕಥೆ ಬೇರೆ. ಅವರು ಗೋಮಾಳದಲ್ಲಿ ಒಂದೆರಡು ಎಕರೆ ಉತ್ತು ಬಗರ್‌ಹುಕುಂ ಅರ್ಜಿ ಹಾಕಿ ಕಾಯ್ತಿದ್ದಾರೆ. ನೀವು ನಕ್ಷೆಯಲ್ಲಿ ಕೆಂಪು ಬಣ್ಣ ಹಚ್ಚಿದರೆ ನಾಳೆ ಅದನ್ನೇ ಹಿಡ್ಕೊಂಡು ಅವರನ್ನ ಎಬ್ಬಿಸ್ತಾರೆ. ಚಿಟ್ಟೆ ಉಳಿಸೋಕೆ ಬಡವನ್ನ ಓಡಿಸಬೇಕಾ?

ನಕ್ಷೆಗಾರ್ತಿ, ಕೋಲಾರ — ಸೋಮವಾರ, ಮಧ್ಯಾಹ್ನ 2.15

ಖಂಡಿತ ಬೇಡ ಅಣ್ಣ. ಈ ಭಯ ನನಗೂ ಇದೆ. ಬಣ್ಣ ಹಚ್ಚಿದ ನಕ್ಷೆ ಒಂದು ಸಲ ಕೈಬಿಟ್ಟರೆ ಯಾರ ಕೈಲಿ ಏನಾಗುತ್ತೋ. ಉತ್ತಿರೋ ಜಮೀನನ್ನ ನಾವು ಲೆಕ್ಕದಿಂದ ಮೊದಲೇ ತೆಗೆದಿದ್ದೀವಿ. ಒಂದು ಸಲ ನೇಗಿಲು ಬಿದ್ದ ನೆಲದಲ್ಲಿ ನಮಗೆ ಬೇಕಾದ ಪೊದೆ ಉಳಿದಿರಲ್ಲ, ಹಾಗಾಗಿ ಅದು ನಮ್ಮ ಹುಡುಕಾಟದ ಜಾಗವೇ ಅಲ್ಲ. ನಮ್ಮ ಕಣ್ಣಿರೋದು ಇನ್ನೂ ಹುಲ್ಲಾಗಿ ಉಳಿದಿರೋ ತುಂಡುಗಳ ಮೇಲೆ.

ಇನ್ನೊಂದು ಕಡೆ ನೋಡಿ. ಕಾಗದದಲ್ಲಿ ಬೀಳು, ಖರಾಬು ಅಂತ ಇರೋದರಿಂದಲೇ ಈ ಜಾಗ ಯಾವ ಯೋಜನೆಗೆ ಬೇಕಾದರೂ ಸುಲಭಕ್ಕೆ ಸಿಗುತ್ತೆ. 2022ರಲ್ಲಿ ಮಧುಸೂದನ್ ಮತ್ತು ಅಬಿ ತಮೀಮ್ ವನಕ್ ಅನ್ನೋ ಸಂಶೋಧಕರು ದೇಶದ ಒಣ ಸೀಮೆಯ ಹುಲ್ಲುಗಾವಲು, ಕುರುಚಲು, ಬಂಡೆಬಯಲುಗಳನ್ನ ಉಪಗ್ರಹ ಚಿತ್ರದಿಂದ ಗುರುತಿಸಿ ನಕ್ಷೆ ಮಾಡಿದರು. ದೇಶದ ನೆಲದಲ್ಲಿ ಹತ್ತರಲ್ಲಿ ಒಂದು ಪಾಲು ಇಂಥ ಬಯಲು. ಅದರಲ್ಲಿ ಸಂರಕ್ಷಿತ ಪ್ರದೇಶದ ಒಳಗಿರೋದು ನೂರಕ್ಕೆ ಐದಕ್ಕಿಂತ ಕಡಿಮೆ. ಉಳಿದದ್ದನ್ನ ನೋಡಿಕೊಳ್ತಿರೋದು ಯಾರು? ಕುರಿ ದನ ಮೇಯಿಸೋರೇ ಅಲ್ವಾ?

ಮೇಷ್ಟ್ರು, ಕೊರಟಗೆರೆ — ಸೋಮವಾರ, ರಾತ್ರಿ 8.40

ಕುರಿಯ ಮಾತು ಬಂತು, ಅದಕ್ಕೆ ಒಂದು ವಿಷಯ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವ ಪಾಠ ಇದು.

ಬ್ರಿಟನ್ನಿನಲ್ಲಿ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆ ಇತ್ತು. ಮೊಟ್ಟೆ ಇಡುವುದು ಕಾಡು ಥೈಮ್ ಗಿಡದ ಮೇಲೆ. ಮರಿ ಸ್ವಲ್ಪ ದಿನ ಹೂವು ತಿಂದು ನೆಲಕ್ಕೆ ಬೀಳುತ್ತದೆ. ಕೆಂಪಿರುವೆ ಅದನ್ನು ತನ್ನದೇ ಮರಿ ಎಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಈ ಚಿಟ್ಟೆ ಕಡಿಮೆಯಾಗುತ್ತಾ ಬಂದಾಗ ಎಲ್ಲರೂ ಗಿಡ ನೋಡಿದರು. ಗಿಡ ಬೇಕಾದಷ್ಟಿತ್ತು. ಆದರೂ ಚಿಟ್ಟೆ 1979ರಲ್ಲಿ ಆ ದೇಶದಿಂದ ನಿರ್ನಾಮವಾಯಿತು.

ಕಾರಣ ಕಂಡುಹಿಡಿದದ್ದು ಜೆರೆಮಿ ಥಾಮಸ್ ಎಂಬ ವಿಜ್ಞಾನಿ. ಹಲವು ಕೆಂಪಿರುವೆಗಳಲ್ಲಿ ಒಂದೇ ಒಂದು ಜಾತಿ, ಮಿರ್ಮಿಕಾ ಸಬುಲೇಟಿ, ಅದರ ಗೂಡಿನಲ್ಲಿ ಮಾತ್ರ ಈ ಮರಿ ಚೆನ್ನಾಗಿ ಬದುಕುತ್ತದೆ. ಆ ಇರುವೆಗೆ ಬೆಚ್ಚಗಿನ ನೆಲ ಬೇಕು. 1950ರ ದಶಕದಲ್ಲಿ ರೋಗ ಬಂದು ಮೊಲಗಳು ಸತ್ತವು, ಇಳಿಜಾರಿನಲ್ಲಿ ದನ ಕುರಿ ಮೇಯಿಸುವುದನ್ನೂ ರೈತರು ಬಿಟ್ಟರು. ಹುಲ್ಲು ಎತ್ತರ ಬೆಳೆಯಿತು, ನೆಲಕ್ಕೆ ಬಿಸಿಲು ತಾಗಲಿಲ್ಲ, ಮಣ್ಣು ತಂಪಾಯಿತು, ಆ ಇರುವೆ ಹೋಯಿತು. ಹಿಂದೆಯೇ ಚಿಟ್ಟೆಯೂ ಹೋಯಿತು. ಆಮೇಲೆ ಮೇವು ಮತ್ತೆ ಶುರು ಮಾಡಿ, ಸ್ವೀಡನ್ನಿನಿಂದ ಮರಿ ತಂದು ಬಿಟ್ಟು, 1983ರಿಂದ ನಿಧಾನಕ್ಕೆ ಮತ್ತೆ ನೆಲೆಗೊಳಿಸಿದರು.

ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ಹಾಕಿ ಎನ್ನುವುದಿಲ್ಲ. ನಮ್ಮ ಹುಲ್ಲು ಬೇರೆ, ಬಿಸಿಲು ಬೇರೆ, ನಮ್ಮ ಇರುವೆ ಗಿಡದ ಮೇಲೂ ಗೂಡು ಕಟ್ಟುತ್ತದೆ. ಆದರೆ ನಾಳೆ ಯಾರಾದರೂ ಈ ಚಿಟ್ಟೆ ಉಳಿಸಲು ಸುತ್ತ ಬೇಲಿ ಹಾಕಿ ಕುರಿ ಒಳಗೆ ಬಿಡಬೇಡಿ ಎಂದರೆ, ಅದಕ್ಕೆ ಮೊದಲು ಹತ್ತು ಸಲ ಯೋಚಿಸಬೇಕು. ಈ ಹಟ್ಟಿಯ ಹುಡುಗನ ಅಪ್ಪ ದಿನಾ ನಡೆದಾಡುವುದರಿಂದಲೇ ಆ ಬಯಲು ಬಯಲಾಗಿ ಉಳಿದಿರಬಹುದು.

ಪಾವಗಡದವನು — ಸೋಮವಾರ, ರಾತ್ರಿ 9.20

ಮೇಷ್ಟ್ರೇ, ಇದು ನನಗೆ ಗೊತ್ತಿರಲಿಲ್ಲ. ಮೇಯಿಸೋರನ್ನ ಒಳಗಿಟ್ಟುಕೊಂಡು ಮಾಡೋದಾದರೆ ನನ್ನ ತಕರಾರು ಅರ್ಧ ಕಮ್ಮಿ ಆಯ್ತು. ಇನ್ನರ್ಧ ನೀವು ನಕ್ಷೆಯನ್ನ ಏನು ಮಾಡ್ತೀರಿ ಅನ್ನೋದರ ಮೇಲೆ. ಊರಿನ ಗ್ರಾಮಸಭೆಯಲ್ಲಿ ತೋರಿಸದೆ ಯಾವ ಕಚೇರಿಗೂ ಕೊಡಬೇಡಿ.

ಬಯಲುಚಿಟ್ಟೆ, ಮಧುಗಿರಿ — ಸೋಮವಾರ, ರಾತ್ರಿ 9.35

ಒಪ್ಪಿದೆ. ಮೊದಲು ಗ್ರಾಮಸಭೆ, ಆಮೇಲೆ ಕಚೇರಿ. ಇದನ್ನ ಗುಂಪಿನ ನಿಯಮವಾಗಿ ಬರೆದಿಡ್ತೀನಿ.

ನಕ್ಷೆಗಾರ್ತಿ, ಕೋಲಾರ — ಬುಧವಾರ, ರಾತ್ರಿ 11.05

ಎರಡು ರಾತ್ರಿ ಕೂತು ಎರಡನೇ ನಕ್ಷೆ ಮಾಡಿದೆ. ಏನು ಬದಲಾಯಿಸಿದೆ ಅಂತ ಹೇಳ್ತೀನಿ, ತಪ್ಪಿದ್ದರೆ ತಿದ್ದಿ.

ಹೋಲಿಕೆಗೆ ಈಗ ಒಣ ಸೀಮೆ ಮಾತ್ರ. ಜೊತೆಗೆ, ಬೇರೆ ಚಿಟ್ಟೆಗಳನ್ನ ಜನ ಎಲ್ಲೆಲ್ಲಿ ದಾಖಲಿಸಿದ್ದಾರೋ ಆ ಬಿಂದುಗಳನ್ನೇ ಹಿನ್ನೆಲೆಯಾಗಿ ಕೊಟ್ಟೆ. ಜನ ಹೋಗೋದು ರಸ್ತೆ ಪಕ್ಕ, ಬೆಟ್ಟದ ದಾರಿ, ಕೆರೆ ಏರಿ. ಹಾಗೆ ಮಾಡದಿದ್ದರೆ ಯಂತ್ರ ಚಿಟ್ಟೆಯ ಜಾಗ ಕಲಿಯೋದು ಬಿಟ್ಟು ಕ್ಯಾಮೆರಾ ಹಿಡಿದವರ ಜಾಗ ಕಲಿಯುತ್ತೆ.

ಒಂದು ಕಿಲೋಮೀಟರ್ ಚೌಕ ಬಿಟ್ಟು ಸೆಂಟಿನೆಲ್ ಉಪಗ್ರಹದ ಹತ್ತು ಮೀಟರ್ ಚೌಕಕ್ಕೆ ಬಂದೆ. ಈಗ ಮೈದನಹಳ್ಳಿ ನಾಲ್ಕು ಚೌಕ ಅಲ್ಲ, ಮೂವತ್ತೆರಡು ಸಾವಿರ ಚೌಕ. ಒಂದೇ ಜಾಗದ ಅಕ್ಟೋಬರ್ ಚಿತ್ರ ಮತ್ತು ಮಾರ್ಚ್ ಚಿತ್ರ ಎರಡನ್ನೂ ಇಟ್ಟು ನೋಡಿದೆ. ಅಕ್ಟೋಬರಿನಲ್ಲಿ ಹುಲ್ಲೂ ಹಸಿರು, ನೀಲಗಿರಿಯೂ ಹಸಿರು. ಮಾರ್ಚಿಗೆ ಹುಲ್ಲು ಒಣಗಿ ಹಳದಿಯಾಗುತ್ತೆ, ನೀಲಗಿರಿ ಹಸಿರಾಗೇ ನಿಂತಿರುತ್ತೆ. ಆ ಎರಡರ ವ್ಯತ್ಯಾಸ ಲೆಕ್ಕ ಹಾಕಿದರೆ ಹುಲ್ಲುಗಾವಲು ತಾನಾಗಿ ಬೇರೆಯಾಗಿ ಎದ್ದು ಕಾಣುತ್ತೆ.

ಇದನ್ನ ನೋಡಿದಾಗ ನಮ್ಮ ಕೋಲಾರದ ಕಡೆ ಹೊಟ್ಟೆ ಉರೀತು. ಹೊಸದಾಗಿ ನೀಲಗಿರಿ ನೆಡೋದನ್ನ ಸರ್ಕಾರ 2017ರಲ್ಲಿ ನಿಲ್ಲಿಸಿದೆ, ಆದರೆ ಅದಕ್ಕೂ ಮುಂಚೆ ನೆಟ್ಟದ್ದು ಕಡಿದ ಮೇಲೂ ಬುಡದಿಂದ ಚಿಗುರುತ್ತೆ. ಮೊದಲ ನಕ್ಷೆ ಕೆಂಪು ಅಂದಿದ್ದ ಎಷ್ಟೋ ಜಾಗ ಇದರಲ್ಲಿ ಬರೀ ನೀಲಗಿರಿ ಅಂತ ಬಂತು. ಅಲ್ಲಿಗೆ ಹೋಗಿದ್ದರೆ ಒಂದು ಭಾನುವಾರ ದಂಡ ಆಗ್ತಿತ್ತು.

ಈಗ ಉಳಿದಿರೋದು ಚಿಕ್ಕ ಚಿಕ್ಕ ತುಂಡುಗಳು. ಮಧುಗಿರಿ–ಶಿರಾ ನಡುವೆ ಒಂದಷ್ಟು, ಗುಡಿಬಂಡೆ ಕಡೆ ಒಂದಷ್ಟು. ಇದು ಚಿಟ್ಟೆ ಇರೋ ನಕ್ಷೆ ಅಲ್ಲ ಅನ್ನೋದನ್ನ ದಯವಿಟ್ಟು ಎಲ್ಲರೂ ನೆನಪಿಡಿ. ಮೊದಲು ಎಲ್ಲಿ ನಡೆದು ನೋಡಬೇಕು ಅನ್ನೋದಕ್ಕೆ ಮಾತ್ರ. ಬಣ್ಣ ಇಲ್ಲದ ಕಡೆಯೂ ಒಂದಿಷ್ಟು ಜಾಗ ನೋಡಲೇಬೇಕು, ಇಲ್ಲದಿದ್ದರೆ ನಕ್ಷೆ ಸರಿಯೋ ತಪ್ಪೋ ಯಾವತ್ತಿಗೂ ಗೊತ್ತಾಗಲ್ಲ.

ಗುಡಿಬಂಡೆ ಗೆಳತಿ — ಗುರುವಾರ, ಬೆಳಗ್ಗೆ 7.30

ಅಕ್ಕ, ಒಂದು ಕೋರಿಕೆ. ಸಿಕ್ಕಿದ ತಕ್ಷಣ ಜಿಪಿಎಸ್ ಬಿಂದು ಸಮೇತ ಫೇಸ್‌ಬುಕ್ಕಿಗೆ ಹಾಕಬೇಡಿ. ನಮ್ಮ ಕಡೆ ಒಂದು ಗೂಬೆ ಗೂಡು ಹೀಗೇ ಹೊರಬಿತ್ತು. ಮುಂದಿನ ಭಾನುವಾರ ಇಪ್ಪತ್ತು ಕ್ಯಾಮೆರಾ ಬಂದವು, ಗೂಬೆ ಜಾಗ ಬಿಡ್ತು. ಇದು ಇನ್ನೂ ಸಣ್ಣ ಜೀವ. ಮರಿ ಇರೋ ಪೊದೆಯನ್ನ ಫೋಟೋಗೋಸ್ಕರ ನಾಲ್ಕು ಜನ ತುಳಿದರೆ ಆ ವರ್ಷದ ಸಂತಾನ ಮುಗೀತು. ಹೊರಗೆ ತಾಲ್ಲೂಕಿನ ಹೆಸರು ಮಾತ್ರ ಹೇಳೋಣ.

ಬಯಲುಚಿಟ್ಟೆ, ಮಧುಗಿರಿ — ಗುರುವಾರ, ಬೆಳಗ್ಗೆ 8.10

ಸರಿಯಾಗಿ ಹೇಳಿದಿರಿ. ಬಿಂದುಗಳು ಅಕ್ಕನ ಹತ್ತಿರ ಮಾತ್ರ ಇರಲಿ. ನಾವು ಸರ್ವೆ ನಂಬರನ್ನ ದಿಶಾಂಕ್ ಆ್ಯಪಿನಲ್ಲಿ ನೋಡಿ ಅವರಿಗೆ ಕಳಿಸೋಣ. ನಿಂತ ಜಾಗ ಗೋಮಾಳವೋ, ಯಾರದಾದರೂ ಹಿಡುವಳಿಯೋ ಅಂತ ಮೊದಲೇ ತಿಳಿದರೆ ಕೇಳಿಕೊಂಡು ಒಳಗೆ ಹೋಗಬಹುದು.

ಹಟ್ಟಿಹುಡುಗ, ಶಿರಾ — ಶನಿವಾರ, ಸಂಜೆ 6.20

ಅಣ್ಣ, ಇವತ್ತು ಅಪ್ಪನ ಜೊತೆ ಹೋಗಿದ್ದೆ. ಅಕ್ಕನ ನಕ್ಷೇಲಿ ನಮ್ ಗೋಮಾಳ ಅರ್ಧ ಬಣ್ಣ ಐತೆ, ಅರ್ಧ ಇಲ್ಲ. ಬಣ್ಣ ಇಲ್ಲದ ಅರ್ಧದಾಗೆ ಸೀಮೆಜಾಲಿ ತುಂಬ್ಕೊಂಡೈತೆ, ಅದು ಸರಿಯಾಗೇ ಬಂದೈತೆ.

ಬಾಲ ಎತ್ತೋ ಇರುವೆ ತೋರ್ಸಿ ಅಪ್ಪಂಗೆ ಕೇಳಿದೆ. ‘ಅದರ ಗೂಡು ನೋಡ್ಬೇಕಾ ಬಾ’ ಅಂತ ಕರ್ಕೊಂಡೋದ್ರು. ಜಾಲಿ ಕೊಂಬೆ ಮ್ಯಾಲೆ ಸಗಣಿ ಮೆತ್ತಿದಂಗೆ ಕರೀ ಉಂಡೆ. ಅಂಥವು ಒಂಬತ್ತು ಎಣಿಸಿದ್ವಿ. ಎಲ್ಲಾ ಬಣ್ಣ ಇರೋ ಕಡೇನೇ, ಒಂದೂ ಸೀಮೆಜಾಲಿ ಕಡೆ ಇಲ್ಲ. ಅಪ್ಪ ಹೇಳಿದ್ರು, ಮೊದ್ಲು ಹಟ್ಟಿ ತಾವಾನೂ ಇದ್ವಂತೆ, ಸೌದೆಗೆ ಜಾಲಿ ಕಡಿದ ಮ್ಯಾಲೆ ಹೋದ್ವಂತೆ. ಕಾಮನ್ ಸಿಲ್ವರ್‌ಲೈನ್ ಮೂರು ಸಿಕ್ತು, ಫೋಟೋ ಕಳ್ಸಿದೀನಿ. ಲಿಲಾಕ್ ಸಿಕ್ಕಿಲ್ಲ.

ನಕ್ಷೆಗಾರ್ತಿ, ಕೋಲಾರ — ಶನಿವಾರ, ಸಂಜೆ 6.45

ತಮ್ಮಾ, ಆ ಒಂಬತ್ತು ಗೂಡಿನ ಜಾಗ ಒಂದೊಂದೂ ಬರೆದು ಕಳಿಸು. ಗೂಡು ಇಲ್ಲದ ಕಡೆ ನೀವು ಎಲ್ಲಿವರೆಗೆ ನಡೆದಿರಿ ಅನ್ನೋದನ್ನೂ ಬರಿ, ಅದೂ ಅಷ್ಟೇ ಮುಖ್ಯ. ಇರುವೆಗೂಡಿನದ್ದೇ ಒಂದು ಪದರ ಮಾಡಿ ನಕ್ಷೆಗೆ ಸೇರಿಸ್ತೀನಿ. ಸೌದೆಯ ಮಾತು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಬಯಲುಚಿಟ್ಟೆ, ಮಧುಗಿರಿ — ಶನಿವಾರ, ರಾತ್ರಿ 9.00

ನಾಳೆ ಬೆಳಗ್ಗೆ ಏಳೂವರೆಗೆ ಶಿರಾ ಬಸ್‌ಸ್ಟ್ಯಾಂಡ್ ಹತ್ತಿರ ಸೇರೋಣ. ಬಿಸಿಲು ಸ್ವಲ್ಪ ಏರಿದ ಮೇಲೇ ಈ ಚಿಟ್ಟೆಗಳು ರೆಕ್ಕೆ ಬಿಚ್ಚೋದು, ಹಾಗಾಗಿ ಒಂಬತ್ತಕ್ಕೆ ಗೋಮಾಳದಲ್ಲಿದ್ದರೆ ಸಾಕು. ಬಲೆ ಯಾರೂ ತರಬೇಡಿ. ಕುರಿ ಹೋಗೋ ಜಾಡಲ್ಲೇ ನಡೆಯೋಣ, ಪೊದೆ ಸರಿಸಬೇಡಿ. ಪಾವಗಡದ ಅಣ್ಣನೂ ಬರ್ತೀನಿ ಅಂದಿದ್ದಾರೆ. ಹಟ್ಟಿಯವರು ಮಧ್ಯಾಹ್ನಕ್ಕೆ ಮುದ್ದೆ, ಹುರುಳಿಕಾಳಿನ ಸಾರು ಮಾಡ್ತೀವಿ ಅಂದಿದ್ದಾರೆ, ಎಷ್ಟು ಜನ ಅಂತ ಇವತ್ತು ರಾತ್ರಿ ಹತ್ತರೊಳಗೆ ಇಲ್ಲೇ ಬರೆಯಿರಿ.

ಮೇಷ್ಟ್ರು, ಕೊರಟಗೆರೆ — ಶನಿವಾರ, ರಾತ್ರಿ 9.15

ನಾನು ಮತ್ತು ಇಬ್ಬರು ಮಕ್ಕಳು. ಎಂಟನೇ ತರಗತಿಯವರು, ಕಣ್ಣು ಚುರುಕು.